ಮರಳಿನ ಮೇಲಿನ ಚಿನ್ನ

ಬಾಲಿ, ಮಸ್ಕತ್, ಹೈಯಾಂಗ್, ಫುಕೆಟ್, ದನಾಂಗ್. 2008ರಿಂದ 2016ರವರೆಗೆ ನಡೆದ ಐದೂ ಏಷ್ಯನ್ ಬೀಚ್ ಕ್ರೀಡಾಕೂಟಗಳಲ್ಲಿ ಮಹಿಳಾ ಕಬಡ್ಡಿಯ ಚಿನ್ನ ಭಾರತದ್ದೇ. ಇಂಥ ಸಾಧನೆಗೆ ನಾವು ಕೊಟ್ಟ ಮನ್ನಣೆ ಮಾತ್ರ ತೀರಾ ಕಡಿಮೆ.

ಮರಳಿನ ಕಬಡ್ಡಿ ಸುಲಭದ ಆಟವಲ್ಲ. ಅಂಕಣದಲ್ಲಿ ಏಳರ ಬದಲು ನಾಲ್ವರೇ ಇರುತ್ತಾರೆ. ರೈಡರ್ ತಿರುಗುವಷ್ಟರಲ್ಲಿ ಹಿಮ್ಮಡಿ ಹೂತಿರುತ್ತದೆ. ಕೈಕೈ ಹಿಡಿದು ಸರಪಳಿ ಕಟ್ಟೋಣವೆಂದರೆ ಆಳು ಸಾಲದು. ಪಳಗಿದ ನಮ್ಮ ಪುರುಷರ ತಂಡವೇ ದನಾಂಗ್ ಫೈನಲ್‌ನಲ್ಲಿ ಪಾಕಿಸ್ತಾನಕ್ಕೆ ಮಣಿಯಿತು.

2025ರ ಮೇ ತಿಂಗಳಲ್ಲಿ ದಿಯುವಿನಲ್ಲಿ ಮೊದಲ ಖೇಲೊ ಇಂಡಿಯಾ ಬೀಚ್ ಗೇಮ್ಸ್ ನಡೆದದ್ದು ಒಳ್ಳೆಯ ಆರಂಭ. ಆದರೆ ಕೂಟ ಮುಗಿದೊಡನೆ ಅಭ್ಯಾಸವೂ ನಿಲ್ಲಬಾರದು. ಮಲ್ಪೆ, ಪಣಂಬೂರಿನಂಥ ಕಡಲತೀರಗಳಲ್ಲಿ ಕಾಯಂ ಮರಳಂಕಣ, ಪೂರ್ಣಾವಧಿ ತರಬೇತುದಾರರು ಬೇಕು. ಸರ್ಕಾರ ಈ ಬಜೆಟ್‌ನಲ್ಲೇ ಅದಕ್ಕೆ ಹಣ ತೆಗೆದಿಡಲಿ.