ಮೂರು ವಾರಕ್ಕೆಂದು ಬಂದ ನಾಟಕ

ಅದು 1970ರ ಫೆಬ್ರುವರಿ. ಅಮೆರಿಕದ ಓಹಿಯೊ ರಾಜ್ಯದ ಕ್ಲೀವ್‌ಲ್ಯಾಂಡ್ ನಗರದಲ್ಲಿ ಶಾಲಾ ಮಂಡಳಿಯ ನೌಕರನೊಬ್ಬ ಶಿಕ್ಷಕರ ಸಭೆ ನಡೆಸಲು ಜಾಗ ಹುಡುಕುತ್ತಿದ್ದ. ಆತನ ಹೆಸರು ರೇ ಶೆಪರ್ಡ್‌ಸನ್. ಊರ ನಡುವಿನ ಯೂಕ್ಲಿಡ್ ಅವೆನ್ಯೂ ಎಂಬ ಹಳೆಯ ಪೇಟೆಬೀದಿಯಲ್ಲಿ ಬೀಗ ಬಿದ್ದಿದ್ದ ಸ್ಟೇಟ್ ಥಿಯೇಟರನ್ನು ನೋಡಲು ಹೋದ. ಒಳಗೆ ಉದ್ದನೆಯ ಮೊಗಸಾಲೆ, ಅದರ ಗೋಡೆಗಳ ಮೇಲೆ ಜೇಮ್ಸ್ ಡಾಗರ್ಟಿ ಬರೆದ ನಾಲ್ಕು ಭಾರಿ ಚಿತ್ರಗಳು. ಅವುಗಳಲ್ಲೊಂದು ಅದೇ ತಿಂಗಳು ‘ಲೈಫ್’ ಪತ್ರಿಕೆಯ ಮುಖಪುಟದಲ್ಲಿ ಅಚ್ಚಾಯಿತು. ಸಭೆಯ ಮಾತು ಹಿಂದೆ ಬಿತ್ತು. ಕೆಲವೇ ತಿಂಗಳಲ್ಲಿ ಶೆಪರ್ಡ್‌ಸನ್ ನೌಕರಿ ಬಿಟ್ಟು ಆ ಪಾಳುಬಿದ್ದ ರಂಗಮಂದಿರಗಳ ಬೆನ್ನುಹತ್ತಿದ.

ಇದನ್ನು ಓದಿ ತಂದೆ-ತಾಯಂದಿರು ಹುಬ್ಬು ಗಂಟಿಕ್ಕಬಹುದು. ಸ್ವಲ್ಪ ತಾಳಿ.

ಆ ಬೀದಿಗೆ ಒಳ್ಳೆಯ ಕಾಲವೂ ಇತ್ತು. 1921 ಮತ್ತು 1922ರಲ್ಲಿ ಓಹಿಯೊ, ಸ್ಟೇಟ್, ಹನ್ನಾ, ಆಲೆನ್, ಪ್ಯಾಲೇಸ್ ಎಂಬ ಐದು ರಂಗಮಂದಿರಗಳು ಅಲ್ಲಿ ಒಂದರ ಹಿಂದೊಂದು ತೆರೆದವು. ನಾಟಕ, ಮೂಕಿಚಿತ್ರ, ಹಾಡು-ಕುಣಿತ ಎಲ್ಲಕ್ಕೂ ಜನ ಅಲ್ಲಿಗೇ ಬರುತ್ತಿದ್ದರು. ಎರಡನೇ ಮಹಾಯುದ್ಧದ ನಂತರ ಮನೆಮನೆಗೆ ಟಿ.ವಿ. ಬಂತು. ಕಾರು ಕೊಂಡವರು ಊರ ಹೊರಗಿನ ಬಡಾವಣೆಗಳಿಗೆ ಮನೆ ಬದಲಾಯಿಸಿದರು. ಸಂಜೆಯಾದರೆ ಪೇಟೆ ಖಾಲಿ. 1969 ಮುಗಿಯುವಷ್ಟರಲ್ಲಿ ಹನ್ನಾ ಒಂದನ್ನುಳಿದು ಮಿಕ್ಕ ನಾಲ್ಕೂ ಮುಚ್ಚಿದ್ದವು. 1972ರಲ್ಲಿ ಸ್ಟೇಟ್ ಮತ್ತು ಓಹಿಯೊ ಮಂದಿರಗಳನ್ನು ಕೆಡವಿ ಕಾರು ನಿಲ್ಲಿಸುವ ಜಾಗ ಮಾಡುವ ಯೋಚನೆಯೂ ಬಂತು. ಲೆಕ್ಕಾಚಾರದವರಿಗೆ ಅದರಲ್ಲಿ ತಪ್ಪೇನೂ ಕಂಡಿರಲಾರದು. ಮುಚ್ಚಿದ ಕಟ್ಟಡದಿಂದ ವರಮಾನವಿಲ್ಲ, ಕಾರು ನಿಂತರೆ ಬಾಡಿಗೆಯಾದರೂ ಬರುತ್ತದೆ.

ಆಗ ನೆರವಿಗೆ ಬಂದದ್ದು ‘ಜೂನಿಯರ್ ಲೀಗ್’ ಎಂಬ ಮಹಿಳೆಯರ ಸಂಘ. ಅದು 25,000 ಡಾಲರು ಕೊಟ್ಟಿತು. ಅಂಥ ಕಟ್ಟಡಗಳನ್ನು ಸರಿಪಡಿಸಲು ಆ ಹಣ ಯಾವ ಮೂಲೆಗೆ? ಹಣವೆಲ್ಲ ಕೂಡಿಬರಲಿ ಎಂದು ಶೆಪರ್ಡ್‌ಸನ್ ಮತ್ತು ಅವನ ಜೊತೆಗಾರರು ಕಾದು ಕೂರಲಿಲ್ಲ. ಸಭಾಂಗಣ ಹಾಳಾಗಿದ್ದರೇನು, ಮೊಗಸಾಲೆ ಇದೆಯಲ್ಲ! 1973ರ ಏಪ್ರಿಲ್‌ನಲ್ಲಿ ಅಲ್ಲೇ ಮೇಜು-ಕುರ್ಚಿ ಹಾಕಿ, ಬೆಲ್ಜಿಯಂನ ಗಾಯಕ ಜಾಕ್ ಬ್ರೆಲ್‌ನ ಹಾಡುಗಳನ್ನು ಪೋಣಿಸಿದ ಸಂಗೀತ ರೂಪಕವೊಂದನ್ನು ಆಡಿಸಿದರು. ನಿರ್ದೇಶಿಸಿದವರು ಸ್ಥಳೀಯ ವಿಶ್ವವಿದ್ಯಾಲಯದ ಅಧ್ಯಾಪಕರು. ಮೂರು ವಾರಕ್ಕೆಂದು ಗೊತ್ತುಮಾಡಿದ ಆಟ ಎರಡು ವರ್ಷಕ್ಕೂ ಹೆಚ್ಚು ಕಾಲ ನಡೆದು, 500ಕ್ಕೂ ಹೆಚ್ಚು ಪ್ರದರ್ಶನ ಕಂಡಿತು.

ಈ ಕಥೆಯ ಕೀಲು ಇರುವುದು ಇಲ್ಲಿಯೇ. ಕಟ್ಟಡ ಚೆಂದವಾದ ಮೇಲೆ ಜನ ಬಂದರು ಎನ್ನುವುದಕ್ಕಿಂತ, ಜನ ಬಂದದ್ದರಿಂದ ಕಟ್ಟಡ ಚೆಂದವಾಯಿತು ಎನ್ನುವುದೇ ಸರಿ. ಅಲ್ಲಿ ಕೂತು ಹಾಡು ಕೇಳಿದವರಿಗೆ ಆ ಮಂದಿರ ‘ನಮ್ಮದು’ ಅನ್ನಿಸಿತು. ಹಾಗನ್ನಿಸಿದ ಮೇಲೆ ಕೆಡವುವುದು ಸುಲಭವಲ್ಲ. 1977ರಲ್ಲಿ ಅಲ್ಲಿನ ಜಿಲ್ಲಾಡಳಿತವೇ ಸ್ಟೇಟ್ ಮತ್ತು ಓಹಿಯೊ ಇದ್ದ ಕಟ್ಟಡವನ್ನು ಕೊಂಡಿತು. ಮರುವರ್ಷ, 1978ರ ಡಿಸೆಂಬರಿನಲ್ಲಿ, ಕ್ಲೀವ್‌ಲ್ಯಾಂಡ್ ನಗರಸಭೆ ಬ್ಯಾಂಕುಗಳ ಸಾಲ ತೀರಿಸಲಾಗದೆ ಕೈಚೆಲ್ಲಿತು. ಅಂಥ ಬಡತನದಲ್ಲೂ ರಂಗಮಂದಿರದ ಕೆಲಸ ಕೈಬಿಡಲಿಲ್ಲ. 1982ರಲ್ಲಿ ಓಹಿಯೊ, 1984ರಲ್ಲಿ ಸ್ಟೇಟ್, 1988ರಲ್ಲಿ ಪ್ಯಾಲೇಸ್, 1998ರಲ್ಲಿ ಆಲೆನ್ ಮತ್ತೆ ದೀಪ ಹಚ್ಚಿಕೊಂಡವು. ಮೊಗಸಾಲೆಯ ಆ ಮೊದಲ ಆಟದಿಂದ ಎಣಿಸಿದರೆ 25 ವರ್ಷ!

ಟಿಕೆಟ್ಟಿನ ಹಣವೊಂದನ್ನೇ ನಂಬಿ ಕಲೆ ಬದುಕುವುದು ಕಷ್ಟ. ಅದಕ್ಕೇ ರಂಗಮಂದಿರಗಳನ್ನು ನೋಡಿಕೊಳ್ಳುವ ಪ್ರತಿಷ್ಠಾನ ಸುತ್ತಲಿನ ಕಚೇರಿ ಕಟ್ಟಡಗಳನ್ನೂ ಕೊಂಡು ಬಾಡಿಗೆಗೆ ಕೊಟ್ಟಿತು. ನಾಟಕದಿಂದ ಬೀದಿಗೆ ಜನ, ಜನರಿಂದ ಅಂಗಡಿ-ಹೋಟೆಲು, ಕಟ್ಟಡದ ಬಾಡಿಗೆಯಿಂದ ನಾಟಕಕ್ಕೆ ಆಸರೆ. ಇಂದು ‘ಪ್ಲೇಹೌಸ್ ಸ್ಕ್ವೇರ್’ ಎಂದು ಹೆಸರಾದ ಈ ಪ್ರದೇಶದಲ್ಲಿ ಶಾಲಾಮಕ್ಕಳಿಗೆಂದೇ ಹಗಲು ಆಟಗಳು ನಡೆಯುತ್ತವೆ. ನಾಟಕ ಕಲಿಯುವ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳೂ ಆಲೆನ್ ಸಮುಚ್ಚಯದ ರಂಗಗಳ ಮೇಲೆ ಆಡುತ್ತಾರೆ.

ಹಾಗಾದರೆ ನಾಟಕ ಇಡೀ ಊರನ್ನು ಉಳಿಸಿತೇ? ಇಲ್ಲ. ಜನಗಣತಿಯ ಪ್ರಕಾರ 1970ರಲ್ಲಿ ಸುಮಾರು 7.5 ಲಕ್ಷವಿದ್ದ ಕ್ಲೀವ್‌ಲ್ಯಾಂಡಿನ ಜನಸಂಖ್ಯೆ 2020ರಲ್ಲಿ ಸುಮಾರು 3.7 ಲಕ್ಷಕ್ಕೆ ಇಳಿದಿತ್ತು. ಮುಚ್ಚಿದ ಕಾರ್ಖಾನೆಗಳನ್ನು ತೆರೆಸುವ ಶಕ್ತಿ ಹಾಡಿಗಿಲ್ಲ. ಆದರೆ ಬಿಟ್ಟುಹೋದವರು ಸಂಜೆ ಮರಳಿ ಬರಲು ಒಂದು ಕಾರಣವನ್ನು ಅದು ಉಳಿಸಿತು. ಸೊರಗುತ್ತಿದ್ದ ಊರಿಗೆ ಅದು ಸಣ್ಣ ಮಾತಲ್ಲ.

ಶೆಪರ್ಡ್‌ಸನ್‌ನಂತೆ ಎಲ್ಲರೂ ನೌಕರಿ ಬಿಡಬೇಕೆಂದು ಹೇಳುತ್ತಿಲ್ಲ. ಆತನಿಗೆ ಆ ಬಾಗಿಲು ತೆರೆದದ್ದು ದಿನನಿತ್ಯದ ಕೆಲಸವೇ. ತನ್ನ ಕೆಲಸಕ್ಕೆ ಬೇಕಾದಷ್ಟನ್ನೇ ನೋಡಿ ಆತ ಹಿಂತಿರುಗಬಹುದಿತ್ತು. ಹಾಗೆ ಮಾಡದೆ, ತಲೆಯೆತ್ತಿ ಗೋಡೆಯ ಚಿತ್ರಗಳನ್ನೂ ನೋಡಿದ. ವಿದ್ಯಾರ್ಥಿಗಳು ಅಂಕಪಟ್ಟಿಯ ಜೊತೆಗೆ ಈ ಅಭ್ಯಾಸವನ್ನೂ ಬೆಳೆಸಿಕೊಳ್ಳಲಿ. ತಂದೆ-ತಾಯಂದಿರು ವರ್ಷಕ್ಕೆರಡು ಸಲವಾದರೂ ಮಕ್ಕಳನ್ನು ನಾಟಕಕ್ಕೆ ಕರೆದೊಯ್ಯಲಿ. ರಂಗಮಂದಿರವನ್ನು ಉಳಿಸುವ ಕೆಲಸ ಪ್ರೇಕ್ಷಕರು ಕೊಳ್ಳುವ ಆ ಒಂದು ಟಿಕೆಟ್ಟಿನಿಂದಲೇ ಶುರುವಾಗುತ್ತದೆ.