ಕಾಗದದ ಬಾವಲಿ, ಆಲೂಗೆಡ್ಡೆಯ ಮೊಹರು

ಐರ್ಲೆಂಡಿನ ಮೇಯೊ ಪ್ರಾಂತದಲ್ಲಿ ಆ ದೇಶದ ಗ್ರಾಮಜೀವನವನ್ನು ಪರಿಚಯಿಸುವ ರಾಷ್ಟ್ರೀಯ ವಸ್ತುಸಂಗ್ರಹಾಲಯವಿದೆ. ಅಲ್ಲಿಯ ಒಂದು ಸಣ್ಣ ಮುಖ ನೋಡುಗರನ್ನು ಬೆಚ್ಚಿಬೀಳಿಸುತ್ತದೆ. ಕಣ್ಣುಗಳು ಗುಳಿಬಿದ್ದಿವೆ, ಹಲ್ಲುಗಳು ಕಿರಿದಿವೆ, ಚರ್ಮವೆಲ್ಲ ಸುಕ್ಕುಗಟ್ಟಿದಂತಿದೆ. ಯಾರೋ ಸತ್ತವರ ತಲೆಯಿರಬೇಕು ಎಂದು ಭ್ರಮಿಸುವವರಿಗೆ ಅದೊಂದು ತರಕಾರಿಯ ಪಡಿಯಚ್ಚು ಎಂದು ತಿಳಿದಾಗ ನಗು ಬರುತ್ತದೆ. ಮೂಲಂಗಿಯ ಕುಟುಂಬಕ್ಕೆ ಸೇರಿದ ಟರ್ನಿಪ್ ಎಂಬ ದುಂಡು ಗೆಡ್ಡೆಯ ತಿರುಳನ್ನು ತೋಡಿ ತೆಗೆದು, ಕಣ್ಣು ಬಾಯಿಗಳನ್ನು ಕೊರೆದು, ಒಳಗೆ ದೀಪವಿಡುತ್ತಿದ್ದ ಕಾಲದ ಗುರುತು ಅದು. ಮೂಲ ಗೆಡ್ಡೆಯನ್ನು 1943ರಲ್ಲಿ ಡೊನೆಗಾಲ್ ಪ್ರಾಂತದ ಫಿಂಟೌನ್ ಎಂಬ ಹಳ್ಳಿಯ ಶಾಲಾ ಶಿಕ್ಷಕರೊಬ್ಬರು ಸಂಗ್ರಹಾಲಯಕ್ಕೆ ಒಪ್ಪಿಸಿದರು. ಇಂಥದನ್ನು ಮಾಡುವವರು ಊರಿನಲ್ಲಿ ಇನ್ನು ಯಾರೂ ಉಳಿದಿಲ್ಲ, ನೆನಪು ಮಾತ್ರ ಇದೆ ಎಂಬುದು ಅವರು ನೀಡಿದ ಕಾರಣ. ಗೆಡ್ಡೆ ಕೊಳೆಯುವ ವಸ್ತುವಾದುದರಿಂದ ಅದರ ಪಡಿಯಚ್ಚನ್ನು ತೆಗೆದಿರಿಸಬೇಕಾಯಿತು.

ಹ್ಯಾಲೋವೀನ್ ಎಂಬ ಹಬ್ಬದ ಹೆಸರು ಇಂದು ಕೈಫೋನಿನ ಮೂಲಕ ಗಡಿನಾಡಿನ ಮಕ್ಕಳ ಕಿವಿಗೂ ಬಿದ್ದಿದೆ. ಅಕ್ಟೋಬರ್ 31ರ ರಾತ್ರಿ ಅದರ ಆಚರಣೆ. ಮರುದಿನ, ಅಂದರೆ ನವೆಂಬರ್ 1, ಕ್ರೈಸ್ತರಿಗೆ ಸಕಲ ಸಂತರ ದಿನ. ಆ ದಿನದ ಹಿಂದಿನ ಸಂಜೆ ಎಂಬ ಅರ್ಥದ ಮಾತೇ ಸವೆದು ಹ್ಯಾಲೋವೀನ್ ಆಯಿತು. ಅದಕ್ಕೂ ಹಿಂದೆ ಐರ್ಲೆಂಡ್ ಮತ್ತು ಸ್ಕಾಟ್ಲೆಂಡುಗಳಲ್ಲಿ ಕೊಯಿಲು ಮುಗಿದು ಚಳಿಗಾಲ ಕಾಲಿಡುವ ಈ ಸಂಧಿಕಾಲವನ್ನು ಸವಿನ್ ಎಂಬ ಹೆಸರಿನಿಂದ ಆಚರಿಸುತ್ತಿದ್ದರು. ಸತ್ತವರು ಆ ರಾತ್ರಿ ಸಂಚರಿಸುವರೆಂಬ ನಂಬಿಕೆಯಿತ್ತು. ಕೊರೆದ ಗೆಡ್ಡೆಯ ವಿಕಾರ ಮುಖ ಆ ಕತ್ತಲೆಗೆ ಕೊಟ್ಟ ಉತ್ತರ. 1840ರ ದಶಕದ ಭೀಕರ ಬರಗಾಲದಲ್ಲಿ ಐರ್ಲೆಂಡಿನ ಲಕ್ಷಾಂತರ ಜನ ಅಮೆರಿಕವನ್ನು ಸೇರಿದರು. ಅಲ್ಲಿ ಗಟ್ಟಿ ಗೆಡ್ಡೆಗಿಂತ ದೊಡ್ಡದೂ ಕೊರೆಯಲು ಸುಲಭವೂ ಆದ ಸಿಹಿಗುಂಬಳ ಸಿಕ್ಕಿತು. ಕರಾವಳಿಯವರ ಚೀನಿಕಾಯಿಯೇ ಅದು.

ಇಲ್ಲಿ ಒಂದು ಪದದ ಬಗ್ಗೆ ಎಚ್ಚರ ಬೇಕು. ತುಳುನಾಡಿನಲ್ಲಿ ಭೂತವೆಂದರೆ ಹರಕೆ, ನೇಮ, ಕಟ್ಟುಕಟ್ಟಳೆಗಳಿಂದ ಆರಾಧನೆ ಪಡೆಯುವ ದೈವ. ಹ್ಯಾಲೋವೀನಿನ ಬಿಳಿ ಬಟ್ಟೆಯ ಆಕೃತಿಗಾಗಲಿ ಅಸ್ಥಿಪಂಜರಕ್ಕಾಗಲಿ ಆ ಹೆಸರು ಸಲ್ಲದು. ಅವು ಪ್ರೇತ, ಪಿಶಾಚಿ, ಗುಮ್ಮಗಳ ವರ್ಗಕ್ಕೆ ಸೇರಿದವು. ಅವುಗಳ ಹಬ್ಬವನ್ನು ಆಚರಿಸಬೇಕೋ ಬೇಡವೋ ಎಂಬುದು ಆಯಾ ಮನೆಯವರ ವಿಚಾರ. ಆದರೆ ಆ ಹಬ್ಬದ ಸುತ್ತ ಬೆಳೆದ ಕಾಗದದ ಕಸುಬು, ಕತ್ತರಿ ಹಿಡಿಯುವ ಯಾವ ಮಗುವೂ ತಿಳಿಯಬಹುದಾದದ್ದು.

ಆ ಕಸುಬಿಗೆ ಪಠ್ಯಪುಸ್ತಕವನ್ನು ಬರೆದುಕೊಟ್ಟದ್ದು ಒಂದು ಕಾಗದದ ಕಂಪನಿ. ಅಮೆರಿಕದ ಡೆನಿಸನ್ ಕಂಪನಿ 1844ರಲ್ಲಿ ಆಭರಣಗಳನ್ನಿಡುವ ರಟ್ಟಿನ ಪೆಟ್ಟಿಗೆಗಳನ್ನು ಮಾಡುತ್ತ ಆರಂಭವಾಯಿತು. ಬಳಿಕ ಬೆಲೆಚೀಟಿ, ಅಂಟುಚೀಟಿಗಳಿಗೆ ಕೈಹಾಕಿ, ಕ್ರೇಪ್ ಕಾಗದದಿಂದ ಮನೆಮಾತಾಯಿತು. ಕ್ರೇಪ್ ಕಾಗದದ ಮೈತುಂಬ ಸೂಕ್ಷ್ಮವಾದ ಸುಕ್ಕುಗಳಿರುತ್ತವೆ. ಆದುದರಿಂದ ಅದನ್ನು ಎಳೆದರೆ ಹರಿಯದೆ ಹಿಗ್ಗುತ್ತದೆ, ಅಂಚನ್ನು ಬೆರಳಿನಿಂದ ಜಗ್ಗಿದರೆ ಹೂವಿನ ಎಸಳಿನಂತೆ ಅಲೆಯಲೆಯಾಗಿ ನಿಲ್ಲುತ್ತದೆ. ಸಾದಾ ಕಾಗದದಿಂದ ಆಗದ ಕೆಲಸವಿದು. 1909ರಲ್ಲಿ ಈ ಕಂಪನಿ 'ಬೋಗಿ ಬುಕ್' ಎಂಬ ಕಿರುಹೊತ್ತಗೆಯನ್ನು ಹೊರತಂದಿತು. ಬೋಗಿ ಎಂದರೆ ಗುಮ್ಮ. 1912ರಿಂದ ಮುಂದೆ, 1930ರ ದಶಕದ ನಡುವಿನವರೆಗೂ ಹೊಸ ಹೊಸ ಸಂಚಿಕೆಗಳು ಬರುತ್ತಿದ್ದವು. ಕೋಣೆಯ ಚಾವಣಿಯಿಂದ ಕಿತ್ತಳೆ ಮತ್ತು ಕಪ್ಪು ಪಟ್ಟಿಗಳನ್ನು ಹೇಗೆ ಇಳಿಬಿಡಬೇಕು, ದೀಪಕ್ಕೆ ಯಾವ ಮರೆ ಕಟ್ಟಬೇಕು, ಮಕ್ಕಳಿಗೆ ಕಾಗದದ ವೇಷವನ್ನು ಹೇಗೆ ಹೊಲಿಯಬೇಕು ಎಂಬುದನ್ನೆಲ್ಲ ಚಿತ್ರಸಮೇತ ಹೇಳುವ ಪುಸ್ತಕಗಳವು.

ಕಂಪನಿಯ ಉದ್ದೇಶ ಕಾಗದದ ಮಾರಾಟವೇ ಆಗಿತ್ತು, ಸಂದೇಹವಿಲ್ಲ. ಆದರೂ ಆ ವ್ಯಾಪಾರದಲ್ಲೊಂದು ವಿಶೇಷವಿತ್ತು. ಅದು ಕೊಳ್ಳುವವರನ್ನು ಕೆಲಸಕ್ಕೆ ಹಚ್ಚುತ್ತಿತ್ತು. ಮನೆಗೆ ಬಂದ ಸುರುಳಿ ಬರಿಯ ಕಾಗದ. ಅದು ಅಲಂಕಾರವಾಗಲು ಮನೆಯವರ ಕೈ ತಗಲಲೇಬೇಕಿತ್ತು. ಅದೇ ಕಾಲದಲ್ಲಿ ಪೆನ್ಸಿಲ್ವೇನಿಯಾದಲ್ಲಿ 1900ರಲ್ಲಿ ಆರಂಭವಾದ ಬೀಸ್ಟಲ್ ಕಂಪನಿ ಬೇರೊಂದು ದಾರಿಯನ್ನು ಹಿಡಿದಿತ್ತು. ಜೇನುಗೂಡಿನಂತೆ ಬಿಚ್ಚಿಕೊಳ್ಳುವ ತೆಳುಕಾಗದದ ಉಂಡೆಗಳು, ಯಂತ್ರದಲ್ಲಿ ಕತ್ತರಿಸಿದ ರಟ್ಟಿನ ಬೆಕ್ಕು ಮತ್ತು ಅಸ್ಥಿಪಂಜರಗಳು ಅಲ್ಲಿಂದ ಬಂದವು. ಅವು ಚೆಲುವಾದವೇ, ಆದರೆ ಅವನ್ನು ಬಿಚ್ಚಿ ತೂಗುಹಾಕಿದರೆ ಕೆಲಸ ಮುಗಿಯಿತು. ಅನಂತರ ಪ್ಲಾಸ್ಟಿಕ್ಕಿನ ಬುರುಡೆಗಳು ಬಂದವು, ಗಾಳಿತುಂಬಿದ ರಕ್ಕಸರು ಬಂದರು. ವರ್ಷವರ್ಷವೂ ಪೆಟ್ಟಿಗೆಯಿಂದ ತೆಗೆದು ಮತ್ತೆ ಪೆಟ್ಟಿಗೆಗೆ ಸೇರಿಸುವ ಸಾಮಾನಿಗೆ ಕತ್ತರಿಯೂ ಬೇಡ, ಅಂಟೂ ಬೇಡ, ಕಲಿಸುವ ಹಿರಿಯರೂ ಬೇಡ. ಹಿಂದಿನ ಕಾಗದದ ಅಲಂಕಾರಗಳಾದರೋ ಹಬ್ಬ ಮುಗಿದೊಡನೆ ಕಸವಾಗುತ್ತಿದ್ದವು. ಉಳಿದ ಕೆಲವನ್ನು ಇಂದು ಸಂಗ್ರಾಹಕರು ದೊಡ್ಡ ಬೆಲೆಕೊಟ್ಟು ಕೊಳ್ಳುತ್ತಾರೆ.

ಕಾಸರಗೋಡು, ಮಂಜೇಶ್ವರದ ಕಡೆಯ ಮನೆಗಳಿಗೆ ಈ ಕಥೆ ತೀರ ಹೊಸದಲ್ಲ. ಹ್ಯಾಲೋವೀನಿನ ಆಸುಪಾಸಿನಲ್ಲೇ ಬರುವ ದೀಪಾವಳಿಗೆ ಬಿದಿರಿನ ಕಡ್ಡಿಗಳನ್ನು ಸೀಳಿ ಕಟ್ಟಿ, ಬಣ್ಣದ ಕಾಗದಕ್ಕೆ ಮೈದಾ ಅಂಟು ಸವರಿ ಗೂಡುದೀಪ ಮಾಡುವವರು ಹಿಂದೆ ಪ್ರತಿ ಓಣಿಯಲ್ಲೂ ಇದ್ದರು. ಈಗ ಪೇಟೆಯಲ್ಲಿ ಮಡಿಚಿಟ್ಟ ಗೂಡುದೀಪ ಸಿಗುತ್ತದೆ. ಕೈಯಿಂದ ಮಾಡುವುದನ್ನು ಉಳಿಸಲೆಂದು ಮಂಗಳೂರಿನಲ್ಲಿ ಸ್ಪರ್ಧೆಗಳನ್ನು ಏರ್ಪಡಿಸಬೇಕಾಗಿ ಬಂದಿದೆ. ಒಂದು ವರ್ಷ ಮಾಡದಿದ್ದರೆ ದೊಡ್ಡ ನಷ್ಟವೇನೂ ಇಲ್ಲ. ಹತ್ತು ವರ್ಷ ಮಾಡದಿದ್ದರೆ ಕಡ್ಡಿಯನ್ನು ಎಷ್ಟು ದಪ್ಪಕ್ಕೆ ಸೀಳಬೇಕೆಂದು ಹೇಳಬಲ್ಲವರೇ ಆ ಮನೆಯಲ್ಲಿ ಇರುವುದಿಲ್ಲ.

ಪಶ್ಚಿಮ ದೇಶಗಳಲ್ಲಿ ಹವ್ಯಾಸಿಗಳು ಈಗ ಮತ್ತೆ ಕಾಗದಕ್ಕೆ ಮರಳಿದ್ದಾರೆ. ಅವರ ಮೇಜಿನ ಮೇಲೆ ಮೂರು ಬಗೆಯ ಸಲಕರಣೆಗಳಿರುತ್ತವೆ: ಕತ್ತರಿಸಿದ ಕಾಗದ, ಸಿಂಪಡಿಸುವ ಶಾಯಿ, ರಬ್ಬರಿನ ಮೊಹರು. ಅವುಗಳಿಗೆ ದುಬಾರಿ ಅಂಗಡಿಗಳೂ ಹುಟ್ಟಿಕೊಂಡಿವೆ. ಆದರೆ ಅವುಗಳ ಹಿಂದಿನ ವಿದ್ಯೆ ದುಬಾರಿಯದಲ್ಲ.

ಮೊದಲಿಗೆ ಬಾವಲಿ. ಕಪ್ಪು ಕಾಗದವನ್ನು ಎರಡಾಗಿ ಮಡಚಿ, ಮಡಿಕೆಯ ಕಡೆಗೆ ದೇಹವೂ ಹೊರಗಡೆಗೆ ರೆಕ್ಕೆಯೂ ಬರುವಂತೆ ಅರ್ಧ ಆಕಾರವನ್ನು ಮಾತ್ರ ಬರೆದು ಕತ್ತರಿಸಬೇಕು. ಬಿಚ್ಚಿದಾಗ ಎರಡೂ ರೆಕ್ಕೆಗಳು ಸಮನಾಗಿರುತ್ತವೆ. ಒಂದೇ ಅಳತೆಯ ಇಪ್ಪತ್ತು ಬಾವಲಿಗಳನ್ನು ಗೋಡೆಗೆ ಅಂಟಿಸಿದರೆ ಅದು ಗೋಡೆಯ ವಿನ್ಯಾಸವಾಗಿ ಕಾಣುತ್ತದೆಯೇ ಹೊರತು ಬಾವಲಿಗಳ ಹಿಂಡಾಗಿ ಅಲ್ಲ. ಮೂರು ನಾಲ್ಕು ಅಳತೆಗಳಲ್ಲಿ ಕತ್ತರಿಸಿ, ಸಣ್ಣವನ್ನು ಮೇಲೆ ಒತ್ತಾಗಿ, ದೊಡ್ಡವನ್ನು ಕೆಳಗೆ ವಿರಳವಾಗಿ ಹಚ್ಚಿ, ರೆಕ್ಕೆಗಳನ್ನು ಗೋಡೆಯಿಂದ ಸ್ವಲ್ಪ ಮೇಲಕ್ಕೆ ಬಾಗಿಸಬೇಕು. ದೂರದಿಂದ ಹಾರಿಬರುತ್ತಿರುವ ಹಿಂಡು ಆಗ ಸಿದ್ಧ. ಸಿಹಿಗುಂಬಳಕ್ಕೆ ಎರಡು ಸೆಂಟಿಮೀಟರ್ ಅಗಲದ ಹತ್ತು ಹನ್ನೆರಡು ಕಿತ್ತಳೆ ಪಟ್ಟಿಗಳು ಸಾಕು. ಎರಡೂ ತುದಿಗಳಲ್ಲಿ ತೂತು ಮಾಡಿ, ಒಂದರ ಮೇಲೊಂದಿಟ್ಟು ದಾರದ ಗಂಟಿನಿಂದ ಬಿಗಿದು, ಪಟ್ಟಿಗಳನ್ನು ಬಿಲ್ಲಿನಂತೆ ಬಾಗಿಸಿ ಸುತ್ತಲೂ ಹರಡಿದರೆ ಆಯಿತು.

ಸಿಂಪರಣೆಯ ಗುಟ್ಟು ಇರುವುದು ದೂರದಲ್ಲಿ. ಶಾಯಿಯ ಬಾಟಲಿಯನ್ನು ಹತ್ತಿರ ಹಿಡಿದರೆ ಕಾಗದದ ಮೇಲೆ ಕಲೆ ಬೀಳುತ್ತದೆ, ಒಂದಡಿ ದೂರ ಹಿಡಿದರೆ ಮಂಜು ಕವಿಯುತ್ತದೆ. ಕಾಗದ ಒಣಗಿದ್ದರೆ ಚುಕ್ಕೆ ಚುಕ್ಕೆಯಾಗಿ ನಿಲ್ಲುವ ಬಣ್ಣ, ಮೊದಲೇ ಒದ್ದೆಯಾಗಿದ್ದರೆ ಹರಡಿ ಒಂದಕ್ಕೊಂದು ಬೆರೆಯುತ್ತದೆ. ಕಿತ್ತಳೆಯೂ ನೇರಳೆಯೂ ಹೀಗೆ ಬೆರೆತ ಹಾಳೆ ಮುಸ್ಸಂಜೆಯ ಆಕಾಶವಾಗಿ ಕಪ್ಪು ಆಕೃತಿಗಳಿಗೆ ಒಳ್ಳೆಯ ಹಿನ್ನೆಲೆಯನ್ನು ಒದಗಿಸುತ್ತದೆ. ಬಾಟಲಿಯಿಲ್ಲದ ಮನೆಯಲ್ಲಿ ಹಳೆಯ ಹಲ್ಲುಜ್ಜುವ ಬ್ರಷ್ ಇದ್ದೇ ಇರುತ್ತದೆ. ಅದನ್ನು ನೀರುಬಣ್ಣದಲ್ಲಿ ಅದ್ದಿ, ಹೆಬ್ಬೆರಳಿನಿಂದ ಮೀಟಿ, ಕಾಗದದ ಮೇಲಿಟ್ಟ ಎಲೆಯ ಸುತ್ತ ಬಣ್ಣ ಸಿಡಿಸುವುದನ್ನು ಚಿತ್ರಕಲೆಯ ತರಗತಿಗಳಲ್ಲಿ ಕಲಿಸುತ್ತ ಬಂದಿದ್ದಾರೆ. ಎಲೆಯ ಬದಲಿಗೆ ಬಾವಲಿಯ ಆಕೃತಿಯನ್ನಿಟ್ಟು, ಬಣ್ಣ ಒಣಗಿದ ಮೇಲೆ ಎತ್ತಿದರೆ ಬಿಳಿಯ ಬಾವಲಿ ಉಳಿಯುತ್ತದೆ. ಮಕ್ಕಳಿಗೆ ಇದಕ್ಕಿಂತಲೂ ಪ್ರಿಯವಾದ ಉಪಾಯ ಮೇಣದ ಬತ್ತಿಯದು. ಬಿಳಿಯ ಹಾಳೆಯ ಮೇಲೆ ಬಿಳಿಯ ಮೇಣದಿಂದ ಜೇಡನ ಬಲೆಯನ್ನು ಬರೆದರೆ ಏನೂ ಕಾಣಿಸದು. ಕಪ್ಪು ನೀರುಬಣ್ಣವನ್ನು ಸಿಂಪಡಿಸಿದ ಕ್ಷಣ ಮೇಣ ನೀರನ್ನು ಒಲ್ಲದೆ ಬಲೆ ಎದ್ದುಬರುತ್ತದೆ.

ಮೊಹರಿನ ವಿಷಯದಲ್ಲಿ ಗಡಿನಾಡಿನ ಶಾಲೆಗಳು ಯಾರಿಗೂ ಹಿಂದಿಲ್ಲ. ಕೇರಳದ ಶಾಲಾ ವೃತ್ತಿ ಪರಿಚಯ ಮೇಳದಲ್ಲಿ ಮಕ್ಕಳು ಸ್ಥಳದಲ್ಲೇ ಕುಳಿತು ಮಾಡುವ ಸ್ಪರ್ಧೆಗಳ ಪೈಕಿ ಕಾಗದದ ಕರಕುಶಲವೂ ಸೇರಿತ್ತು, ತರಕಾರಿಯಿಂದ ಬಟ್ಟೆಯ ಮೇಲೆ ಅಚ್ಚೊತ್ತುವುದೂ ಸೇರಿತ್ತು. ಅಡ್ಡಕ್ಕೆ ಕೊಯ್ದ ಬೆಂಡೆಕಾಯಿ ನಕ್ಷತ್ರವನ್ನು ಒತ್ತುತ್ತದೆ. ಆಲೂಗೆಡ್ಡೆಯನ್ನು ಉದ್ದಕ್ಕೆ ಸೀಳಿ, ಒಳಮೈಯಲ್ಲಿ ಬಾಗಿದ ನಾಲ್ಕು ಗೀರುಗಳನ್ನು ತೋಡಿ, ಕಿತ್ತಳೆ ಬಣ್ಣ ಹಚ್ಚಿ ಒತ್ತಿದರೆ ಏಣುಗಳುಳ್ಳ ಸಿಹಿಗುಂಬಳ ಮೂಡುತ್ತದೆ. ತೋಡಿದ ಭಾಗ ಬಣ್ಣ ಹಿಡಿಯುವುದಿಲ್ಲ, ಉಬ್ಬಿದ ಭಾಗ ಹಿಡಿಯುತ್ತದೆ. ಮುದ್ರಣದ ಮೊದಲ ಪಾಠ ಅಷ್ಟೇ. ಎರಡನೆಯ ಪಾಠವನ್ನು ಅಕ್ಷರಗಳು ಕಲಿಸುತ್ತವೆ. ಆಲೂಗೆಡ್ಡೆಯಲ್ಲಿ ಕನ್ನಡದ 'ಬ'ಕಾರವನ್ನು ಇದ್ದಂತೆಯೇ ಕೊರೆದ ಹುಡುಗನಿಗೆ ಕಾಗದದ ಮೇಲೆ ಅದು ಕನ್ನಡಿಯೊಳಗಿನಂತೆ ತಿರುಗಿ ಬಿದ್ದಾಗ ಆಗುವ ಅಚ್ಚರಿಯನ್ನು ಯಾವ ವಿವರಣೆಯೂ ತಂದುಕೊಡಲಾರದು. ಗೆಡ್ಡೆಯ ತೇವವನ್ನು ಬಟ್ಟೆಯಿಂದ ಒರಸಿ, ಬಣ್ಣವನ್ನು ಸ್ಪಂಜಿನಿಂದ ತೆಳುವಾಗಿ ಸವರಬೇಕು. ಅದ್ದಿ ತೆಗೆದರೆ ಗೀರುಗಳೆಲ್ಲ ತುಂಬಿಹೋಗುತ್ತವೆ. ಮೊಹರು ಮತ್ತು ಸಿಂಪರಣೆ ಎರಡೂ ಒಂದೇ ಹಾಳೆಯಲ್ಲಿ ಬರುವುದಾದರೆ ಸಿಂಪರಣೆ ಮೊದಲು, ಅದು ಪೂರ್ತಿ ಒಣಗಿದ ಬಳಿಕ ಮೊಹರು. ಇಲ್ಲವಾದರೆ ಒತ್ತಿದ ಗೆರೆಗಳು ನೀರಿನಲ್ಲಿ ಕರಗಿ ಹರಡುತ್ತವೆ.

ಅಂಗಡಿಯಲ್ಲಿ ಸಿಗುವ ಡಬ್ಬಿಯ ಸ್ಪ್ರೇ ಬಣ್ಣವನ್ನು ಮಕ್ಕಳ ಕೈಗೆ ಕೊಡದಿರುವುದು ಮೇಲು. ಅದರ ಆವಿ ಉಸಿರಿಗೆ ಒಳ್ಳೆಯದಲ್ಲ, ಬೆಂಕಿಗೂ ಬೇಗ ಸಿಗುತ್ತದೆ. ಹಿರಿಯರು ಬಳಸುವುದಾದರೂ ಅಂಗಳದಲ್ಲಿ, ಒಲೆ ದೀಪಗಳಿಂದ ದೂರದಲ್ಲಿ ಬಳಸಬೇಕು. ಕ್ರೇಪ್ ಕಾಗದವೂ ಬೆಂಕಿ ತಗಲಿದರೆ ಕ್ಷಣದಲ್ಲಿ ಹತ್ತಿಕೊಳ್ಳುವಂಥದು. ಒದ್ದೆಯಾದರೆ ಅದರ ಬಣ್ಣ ಗೋಡೆಗೂ ಅಂಗಿಗೂ ಇಳಿಯುತ್ತದೆ. ಗೆಡ್ಡೆಯೊಳಗೆ ಮೇಣದ ಬತ್ತಿ ಉರಿಯಬಹುದಾಗಿತ್ತು, ಕಾಗದದೊಳಗೆ ಉರಿಯಬಾರದು. ಕಪ್ಪು ರಟ್ಟಿನಲ್ಲಿ ಕಿಟಕಿಗಳನ್ನು ಕೊರೆದು ಮಾಡಿದ ಪಿಶಾಚಿಯ ಮನೆಗೆ ಒಳಗಿನಿಂದ ಗಾಳಿಪಟದ ಹಳದಿ ಕಾಗದವನ್ನು ಅಂಟಿಸಿ, ಬ್ಯಾಟರಿಯ ಸಣ್ಣ ಬಲ್ಬನ್ನು ಇಡುವುದು ಸರಿಯಾದ ಕ್ರಮ. ಬಲ್ಬಿನ ಬೆಳಕು ತೀರ ಬೆಳ್ಳಗೆ ಕಂಡರೆ ಹಳದಿ ಕಾಗದದ ಇನ್ನೊಂದು ಪದರವನ್ನು ಹಚ್ಚಿದರೆ ಸಾಕು.