ಎರಡು ಸಲ ತುಳಿದರೆ ಹಿಡಿಯುವ ಬ್ರೇಕು ಬ್ರೇಕೇ ಅಲ್ಲ

ಹಳೇ ಅಂಬಾಸಿಡರ್ ಇಟ್ಟುಕೊಂಡವರು ಹೇಳುವ ಒಂದು ಮಾತನ್ನು ನಾವು ಊರೂರಲ್ಲಿ ಕೇಳಿದ್ದೇವೆ: ‘ಏನೂ ಆಗಲ್ಲ ಹತ್ತಿ, ಎರಡು ಸಲ ತುಳಿದ್ರೆ ಬ್ರೇಕ್ ಹಿಡಿಯುತ್ತೆ.’ ಮದುವೆಗೆ, ಜಾತ್ರೆಗೆ, ರಾತ್ರಿ ಹೊತ್ತು ಆಸ್ಪತ್ರೆಗೆ ಅದೇ ಕಾರು. ನಾವೂ ಹತ್ತಿದ್ದೇವೆ. ಆದರೆ ಎಮ್ಮೆಯೋ ಮಗುವೋ ಅಡ್ಡ ಬಂದಾಗ ಎರಡನೇ ಸಲ ತುಳಿಯಲು ಪುರುಸೊತ್ತು ಎಲ್ಲಿರುತ್ತದೆ?

ಅಂಬಾಸಿಡರ್ ತಯಾರಿಕೆ ನಿಂತಿದ್ದು 2014ರಲ್ಲಿ. ಈಗ ಓಡುತ್ತಿರುವುದೆಲ್ಲ ಹಳೇ ಗಾಡಿಗಳೇ. ಅವುಗಳ ಬ್ರೇಕು ಎಣ್ಣೆಯ ಒತ್ತಡದಿಂದ ಹಿಡಿಯುತ್ತದೆ. ಎಣ್ಣೆಯನ್ನು ಒತ್ತಿದರೆ ಕುಗ್ಗುವುದಿಲ್ಲ, ಗಾಳಿ ಕುಗ್ಗುತ್ತದೆ. ಪೈಪಿನೊಳಗೆ ಗಾಳಿ ಸೇರಿದರೆ ನಾವು ತುಳಿದ ಬಲ ಅದನ್ನು ಕುಗ್ಗಿಸುವುದರಲ್ಲೇ ಮುಗಿಯುತ್ತದೆ, ಪೆಡಲ್ ಮೆತ್ತಗಾಗುತ್ತದೆ. ಹಳೇ ಮಾಡೆಲ್‌ಗಳಲ್ಲಿ ನಾಲ್ಕೂ ಚಕ್ರಕ್ಕೆ ಒಂದೇ ಲೈನ್. ಒಂದು ಕಡೆ ಸೋರಿದರೂ ನಾಲ್ಕೂ ಹೋದಂತೆ.

‘ಗ್ಯಾರೇಜ್ ದೂರ, ಒಂದು ದಿನದ ಕೆಲಸ ಕೆಡುತ್ತೆ’ ಅನ್ನುವುದು ನಿಜ. ಆದರೆ ಏರ್ ತೆಗೆಯುವುದು ಮನೆಯಂಗಳದಲ್ಲೇ ಆಗುವ ಕೆಲಸ. ನಿಪ್ಪಲ್‌ಗೆ ಸರಿಯಾಗಿ ಕೂರುವ ಸ್ಪ್ಯಾನರ್, ಒಳಗಿನದು ಕಾಣುವಂಥ ಸಣ್ಣ ಪೈಪು, ಬಾಟಲಿ, ಸೀಲ್ ಒಡೆಯದ ಬ್ರೇಕ್ ಆಯಿಲ್, ಜೊತೆಗೆ ಹೇಳಿದ ಮಾತು ಕೇಳುವ ಇನ್ನೊಬ್ಬರು ಇದ್ದರೆ ಸಾಕು.

ಮಾಸ್ಟರ್ ಸಿಲಿಂಡರ್‌ಗೆ ಹೆಚ್ಚು ದೂರವಿರುವ ಚಕ್ರದಿಂದ, ಅಂದರೆ ಸಾಮಾನ್ಯವಾಗಿ ಹಿಂದಿನ ಎಡಚಕ್ರದಿಂದ ಶುರು ಮಾಡಿ. ಹಿಂದಿನ ಚಕ್ರ ಎತ್ತಿದಾಗ ಹ್ಯಾಂಡ್‌ಬ್ರೇಕ್ ನಂಬಬೇಡಿ, ಮುಂದಿನ ಚಕ್ರಗಳಿಗೆ ಎರಡೂ ಕಡೆ ಕಲ್ಲು ಕೊಡಿ. ಜಾಕ್ ಒಂದನ್ನೇ ನಂಬಿ ಕಾರಿನಡಿ ತೂರಬೇಡಿ. ನಿಪ್ಪಲ್‌ಗೆ ಪೈಪು ಸಿಕ್ಕಿಸಿ, ಅದರ ತುದಿ ಬಾಟಲಿಯ ಎಣ್ಣೆಯಲ್ಲಿ ಮುಳುಗಿರಲಿ. ಒಬ್ಬರು ಪೆಡಲ್ ತುಳಿದು ಹಿಡಿಯಲಿ, ಇನ್ನೊಬ್ಬರು ನಿಪ್ಪಲ್ ಸಡಿಲಿಸಲಿ. ಗುಳ್ಳೆ ಬರುತ್ತದೆ. ನಿಪ್ಪಲ್ ಬಿಗಿ ಮಾಡಿದ ಮೇಲೆಯೇ ‘ಬಿಡು’ ಅನ್ನಬೇಕು. ಮೊದಲೇ ಕಾಲು ತೆಗೆದರೆ ಗಾಳಿ ವಾಪಸ್ ಒಳಗೆ ಹೋಗುತ್ತದೆ. ಗುಳ್ಳೆ ನಿಲ್ಲುವವರೆಗೆ ಹೀಗೇ ಮಾಡಿ, ಆಮೇಲೆ ಮುಂದಿನ ಚಕ್ರಕ್ಕೆ ಹೋಗಿ. ನಡುವೆ ಮಾಸ್ಟರ್ ಸಿಲಿಂಡರ್‌ನ ಎಣ್ಣೆ ಖಾಲಿಯಾಗಲು ಬಿಟ್ಟರೆ ಮಾಡಿದ್ದೆಲ್ಲ ದಂಡ.

ಉಳಿತಾಯದ ಹೆಸರಿನಲ್ಲಿ ಎರಡು ತಪ್ಪು ನಡೆಯುತ್ತವೆ. ಒಂದು, ಇಂಜಿನ್ ಆಯಿಲನ್ನೋ ಟ್ರ್ಯಾಕ್ಟರ್‌ನ ಹೈಡ್ರಾಲಿಕ್ ಆಯಿಲನ್ನೋ ಸುರಿಯುವುದು. ಅದು ಒಳಗಿನ ರಬ್ಬರನ್ನು ಉಬ್ಬಿಸಿ ಹಾಳು ಮಾಡುತ್ತದೆ. ಇನ್ನೊಂದು, ಬಾಟಲಿಗೆ ಇಳಿದ ಎಣ್ಣೆಯನ್ನೋ, ಎಂದೋ ತೆರೆದಿಟ್ಟ ಡಬ್ಬಿಯ ಎಣ್ಣೆಯನ್ನೋ ಹಾಕುವುದು. ಬ್ರೇಕ್ ಆಯಿಲ್ ಗಾಳಿಯಿಂದ ನೀರು ಹೀರುತ್ತದೆ. ಡಾಟ್ 3 ಎಣ್ಣೆ ಹೊಸದಿದ್ದಾಗ 205 ಡಿಗ್ರಿಯವರೆಗೆ ಕುದಿಯಬಾರದು ಎನ್ನುವುದು ನಿಯಮ. ನೀರು ಹೀರಿದ ಮೇಲೆ ಆ ಮಿತಿ 140ಕ್ಕೆ ಇಳಿಯುತ್ತದೆ. ಘಾಟಿ ಇಳಿಯುವಾಗ ಡ್ರಮ್ ಕಾದು ಎಣ್ಣೆ ಕುದಿದರೆ ಪೆಡಲ್ ನೆಲಕ್ಕೇ ಹೋಗುತ್ತದೆ.

‘ಬ್ರೇಕು ಮನೆಯಲ್ಲಿ ಮುಟ್ಟುವ ವಸ್ತುವಲ್ಲ’ ಎನ್ನುವ ಮೆಕ್ಯಾನಿಕ್‌ಗಳ ಮಾತಿಗೆ ನಮ್ಮ ಅರ್ಧ ಒಪ್ಪಿಗೆ ಇದೆ. ಏರ್ ತೆಗೆದ ಮೇಲೂ ಪೆಡಲ್ ಮೆತ್ತಗಿದ್ದರೆ, ತುಳಿದು ಹಿಡಿದಾಗ ನಿಧಾನಕ್ಕೆ ಕೆಳಗಿಳಿದರೆ, ಚಕ್ರದ ಒಳಬದಿ ಒದ್ದೆಯಾಗಿದ್ದರೆ ದೋಷ ಬೇರೆಲ್ಲೋ ಇದೆ. ಅಲ್ಲಿಗೆ ನಮ್ಮ ಕೆಲಸ ಮುಗಿಯಿತು. ಮೆಕ್ಯಾನಿಕ್‌ನನ್ನೇ ಮನೆಗೆ ಕರೆಸಿ, ಕಾರು ಹೊರಗೆ ತೆಗೆಯಬೇಡಿ. ಎಲ್ಲ ಸರಿಯಾಯಿತು ಅನಿಸಿದರೂ ಮೊದಲು ಖಾಲಿ ಜಾಗದಲ್ಲಿ, ಒಬ್ಬರೇ ಕೂತು ನಿಧಾನಕ್ಕೆ ಓಡಿಸಿ ನೋಡಿ.

ಇನ್ನು ಕಾರು ಹತ್ತುವ ನಮ್ಮಂಥವರಿಗೂ ಒಂದು ಮಾತು. ‘ಎರಡು ಸಲ ತುಳಿದ್ರೆ ಹಿಡಿಯುತ್ತೆ’ ಎಂದು ಯಾರಾದರೂ ಹೇಳಿದರೆ ದಾಕ್ಷಿಣ್ಯ ಮಾಡದೆ ಇಳಿದುಬಿಡಿ.